ಪಿಸು ಪಾಸು

ತೊಟ್ಟಿಗೆ ಬೆಚ್ಚಗಿನ ಸೋಪಿನ ನೀರು ಬಿಟ್ಟು, ನಿನ್ನೆ ಊದಿದ ಸೀಟಿಗಳನ್ನು ಅದರೊಳಗೆ ಸುರಿದು, ಅವಳು ಒಂದೊಂದನ್ನೇ ತೊಳೆಯುತ್ತಿದ್ದಳು. ಹೆಬ್ಬೆರಳಿನಿಂದ ಅದರ ಬಾಯಿ ಉಜ್ಜಬೇಕು, ಹೊಟ್ಟೆಯೊಳಗೆ ನೀರು ಹೊಕ್ಕು ಗುಂಡು ಒಂದು ಸಲ ತೇಲಿ ಬರಬೇಕು, ಆಮೇಲೆ ಎತ್ತಿ ಜಾಡಿಸಿ ಬಟ್ಟೆಯ ಮೇಲೆ ಬೋರಲು ಹಾಕಬೇಕು. ನೀರಿನೊಳಗಿದ್ದಾಗ ಸೀಟಿಗೂ ಮಾತಿಲ್ಲ, ಅವಳಿಗೂ ಮಾತಿಲ್ಲ. ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ. ಕಿಟಕಿಯಿಂದ ಬಂದ ಬೆಳಕು ನೊರೆಯ ಮೇಲೆ ಕೂತು, ಒಡೆದು, ಮತ್ತೆ ಕೂರುತ್ತಿತ್ತು. ಒಮ್ಮೆ ಊದಿದ ಸೀಟಿ ಎಂಜಲು, ಅದನ್ನು ಮಾರುವಂತಿಲ್ಲ. ತೊಳೆದು ಒಣಗಿಸಿ ಚೀಲಕ್ಕೆ ತುಂಬಿದರೆ ಅದು ಕರಗಿಸುವ ಯಂತ್ರಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆ ಸೀಟಿಯಾಗಿ ಬರುತ್ತದೆ. ಇವತ್ತು ಊದುವುದರಲ್ಲಿ ಹಿಂದೆಂದೋ ತಾನೇ ಊದಿದ್ದೂ ಒಂದಿಷ್ಟು ಸೇರಿರಬಹುದು ಎನ್ನುವ ಯೋಚನೆ ಅವಳಿಗೆ ಆಗಾಗ ಬರುತ್ತಿತ್ತು. ಬಂದಾಗಲೆಲ್ಲ ಯಾರೋ ಕಚಗುಳಿಯಿಟ್ಟಂತೆ ಒಬ್ಬಳೇ ನಗುತ್ತಿದ್ದಳು.

ಇಡೀ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸದ್ದು ಮಾಡುವವಳು ಅವಳು, ಎಲ್ಲರಿಗಿಂತ ಕಡಿಮೆ ಮಾತಾಡುವವಳೂ ಅವಳೇ. ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಐದು ತಟ್ಟೆ, ತಟ್ಟೆಯಲ್ಲಿ ನೂರು ಮನೆ, ಮನೆಗೊಂದು ಸೀಟಿ. ಆ ಐನೂರರಲ್ಲಿ ಐವತ್ತನ್ನು ಎತ್ತಿ ಊದಿ, ಸದ್ದು ಸರಿಯಿದ್ದರೆ ಪೆಟ್ಟಿಗೆಯ ಮೇಲೆ ಹಸಿರು ಚೀಟಿ ಅಂಟಿಸುವುದು ಅವಳ ಕೆಲಸ. ಮೊದಲ ಸೀಟಿ ಎತ್ತಿಕೊಂಡ ಕೂಡಲೇ ಅವಳ ಕೋಣೆಯ ಗಾಜಿನ ಆಚೆ ಇದ್ದವರೆಲ್ಲ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದರು. "ಮನೇಲಿ ಬಾಯಿ ಬಿಡಲ್ಲ, ಅಲ್ಲಿ ಹೋಗಿ ಪೀಪಿ ಊದ್ತಾಳೆ ನನ್ನ ಮಗಳು," ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಏನು ಕೇಳಿದರೂ ಪಿಸುಗುಟ್ಟಿದಂತೆ ಉತ್ತರ ಕೊಡುತ್ತಾಳೆಂದು ಕಾರ್ಖಾನೆಯವರು ಅವಳಿಗೆ ಪಿಸು ಎಂದು ಹೆಸರಿಟ್ಟಿದ್ದರು. ಬೆಕ್ಕಿನ ಮರಿಗೆ ಇಡಬಹುದಾದ ಹೆಸರು, ಕೆಟ್ಟದ್ದೇನಲ್ಲ ಎಂದು ಅವಳೂ ಒಪ್ಪಿಕೊಂಡಿದ್ದಳು. ಆದರೆ ಈಚೆಗೆ ಅಂಗಡಿಗಳಿಂದ ಸೀಟಿಗಳು ವಾಪಸ್ ಬರತೊಡಗಿದ್ದವು. ಮೈದಾನದಲ್ಲಿ ತೀರ್ಪುಗಾರ ಕೆನ್ನೆ ಉಬ್ಬಿಸಿ ಊದಿದರೆ ಪುಸ್ ಎಂದು ಗಾಳಿ ಹೋಯಿತಂತೆ, ಆಟಗಾರರು ನಿಲ್ಲದೆ ಅವನ ಮುಂದೆಯೇ ಓಡಿ ಹೋದರಂತೆ. ಎಲ್ಲವೂ ಅವಳು ಹಸಿರು ಚೀಟಿ ಅಂಟಿಸಿದ ಪೆಟ್ಟಿಗೆಗಳು. ಅಚ್ಚಿನ ಯಂತ್ರ ನಡೆಸುವವನು ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳದ ಮೇಲೆ ತಾಳ ಹಾಕಿ ಹಾಡಿದ: "ಪಿಸು ಪಾಸು, ಊದಿದ್ರೆ ಪುಸು." ಎಲ್ಲರೂ ನಕ್ಕರು. ಪ್ರಾಸ ಚೆನ್ನಾಗಿತ್ತು, ಅವಳೂ ನಕ್ಕಳು. ನಕ್ಕ ಮೇಲೆ ಅರ್ಧ ಊಟಕ್ಕೇ ಡಬ್ಬಿ ಮುಚ್ಚಿದಳು.

ಅವಳು ಮೋಸ ಮಾಡಿರಲಿಲ್ಲ. ಆ ಪೆಟ್ಟಿಗೆಗಳಲ್ಲಿ ಊದಿದ್ದನ್ನೆಲ್ಲ ಮನಸ್ಸಿಟ್ಟು ಊದಿದ್ದಳು, ಒಂದೂ ಪುಸ್ ಎಂದಿರಲಿಲ್ಲ. ಹಾಗಾದರೆ ಕಿವಿಯೇ ಕೆಟ್ಟಿತೇ ಎಂದು ಮನೆಯ ಕನ್ನಡಿಯ ಮುಂದೆ ನಿಂತು ತಲೆ ವಾರೆ ಮಾಡಿ ಕಿವಿಯೊಳಗೆ ಇಣುಕಲು ನೋಡಿದ್ದಳು. ಕಣ್ಣು ಅಷ್ಟು ದೂರ ತಿರುಗುವುದಿಲ್ಲ ಎಂದು ಗೊತ್ತಾಗಿ ಬಿಟ್ಟಿದ್ದಳು. ಹೀಗೇ ಆದರೆ ಊದುವುದಕ್ಕೆ ಬೇರೆ ಯಾರನ್ನಾದರೂ ಕೂರಿಸಿ ನಿನ್ನನ್ನು ಚೀಟಿ ಕತ್ತರಿಸುವುದಕ್ಕೆ ಹಾಕುತ್ತೇನೆ ಎಂದು ಮೇಸ್ತ್ರಿ ಹೇಳಿದ್ದ. ಚೀಟಿ ಕತ್ತರಿಸುವುದು ಕಷ್ಟದ ಕೆಲಸವಲ್ಲ, ಸಂಬಳವೂ ಅಷ್ಟೇ. ಆದರೆ ಸೀಟಿ ಬಾಯಲ್ಲಿಟ್ಟಾಗ ಮಾತ್ರ ಅವಳ ಉಸಿರು ಎದುರಿನ ಗೋಡೆಯವರೆಗೆ ಹೋಗಿ ತಿರುಗಿ ಬರುತ್ತಿತ್ತು. ಅದೊಂದನ್ನು ಕಿತ್ತುಕೊಂಡರೆ ತಾನು ಇದ್ದೇನೆಂದು ಈ ಕಟ್ಟಡಕ್ಕೆ ಗೊತ್ತಾಗುವುದು ಹೇಗೆ?

ತಳ್ಳುಗಾಡಿಯ ಚಕ್ರ ಕಿರುಗುಟ್ಟಿತು. ಮಾವ ಬಂದ. ಅಮ್ಮನ ತಮ್ಮ, ಇವಳಿದ್ದ ಮನೆಯಲ್ಲೇ ಇದ್ದವನು, ಇವಳಿಗೆ ಇಲ್ಲಿ ಕೆಲಸ ಕೊಡಿಸಿದವನು, ಸೀಟಿಗಳನ್ನು ತಟ್ಟೆಗೆ ಜೋಡಿಸಿ ಪೆಟ್ಟಿಗೆ ಕಟ್ಟುವವನು. ಮೊದಲ ದಿನ ಬಾಯಿ ತಪ್ಪಿ ಅವಳು ಇಲ್ಲಿ ಅವನನ್ನು ಮಾವ ಎಂದಿದ್ದೇ ತಡ, ಕಾರ್ಖಾನೆಗೆಲ್ಲ ಅವನು ಮಾವನಾಗಿಬಿಟ್ಟ. ಅವನಿಗಿಂತ ಹಿರಿಯನಾದ ಮೇಸ್ತ್ರಿಗೂ ಮಾವ, ಲೋಡಿಂಗಿನವರಿಗೂ ಮಾವ. ನಿಜವಾದ ಸೊಸೆ ಮಾತ್ರ ಅಂದಿನಿಂದ ಇಲ್ಲಿ ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ.

"ಏನು ಪುಟ್ಟಿ, ಇವತ್ತು ಪರೀಕ್ಷೆ ನಿಂಗಂತೆ. ಪ್ಲಾನ್ ಮೇಡಂ ಹೊಸ ಪ್ಲಾನ್ ತರ್ತಾರಂತೆ," ಎಂದು ಪೆಟ್ಟಿಗೆಯನ್ನು ಎತ್ತಿ ಮೇಜಿನ ಮೇಲಿಟ್ಟ. ಅವಳು ಒಂದು ಬದಿ ಹಿಡಿಯಲು ಹೋದಳು. "ಬಿಡು ಬಿಡು, ನೀನ್ಯಾಕೆ." ಯಾವಾಗಲೂ ಹಾಗೆಯೇ. "ಹೆದರ್ಕೋಬೇಡ. ಚೆನ್ನಾಗಿ ಜೋಡಿಸಿದ್ದೀನಿ."

ಹೆದರಿಕೆಯ ವಿಷಯ ಅವನಿಗೆ ಗೊತ್ತಿತ್ತು. ಪೆಟ್ಟಿಗೆ ಸರಿಯಿಲ್ಲದಿದ್ದರೆ ಊದಿದವರೇ ಬಾಗಿಲಿಗೆ ಬಂದು, ಎಲ್ಲರಿಗೂ ಕೇಳುವ ಹಾಗೆ, ವಾಪಸ್ ಎಂದು ಕೂಗಬೇಕು. ಆಮೇಲೆ ಪೆಟ್ಟಿಗೆಯನ್ನು ನಡುವಿನ ಉದ್ದ ಮೇಜಿಗೆ ಒಯ್ದು ತಟ್ಟೆ ತಟ್ಟೆಯಾಗಿ ಬಿಚ್ಚುತ್ತಾರೆ. ಸೇರಿದ ಮೊದಲ ವಾರದಲ್ಲಿ ಅಂಥ ಪೆಟ್ಟಿಗೆಯೊಂದು ಬಂದಿತ್ತು. ಅವಳು ಬಾಗಿಲಿಗೆ ಬಂದಳು, ಬಾಯಿ ತೆರೆದಳು, ಮಾತು ಹೊರಗೆ ಬರಲಿಲ್ಲ. ಇನ್ನೊಂದು ಸಲ ತೆರೆದಳು. ತೊಟ್ಟಿಯಿಂದ ಹೊರಗೆ ಬಿದ್ದ ಮೀನಿನ ಹಾಗಿದೆ ಎಂದು ಯಾರೋ ಅಂದರು. ಕೊನೆಗೆ ಅವಳು ಕೈಯಲ್ಲಿದ್ದ ಸೀಟಿಯನ್ನೇ ಊದಿದಳು, ಅದು ಕೆಟ್ಟ ಸೀಟಿಯಾಗಿದ್ದರಿಂದ ಪುಸ್ ಎಂದಿತು. ಈಗ ನೆನೆದರೆ ಅವಳಿಗೇ ನಗು ಬರುತ್ತದೆ. ಅವತ್ತು ಕೈತೊಳೆಯುವ ಮನೆಯ ಚಿಲಕ ಹಾಕಿಕೊಂಡು ಅತ್ತಿದ್ದಳು, ಹೊರಗೆ ಮಾವ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಂದವರಿಗೆಲ್ಲ ನಲ್ಲಿ ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದ. ಆಮೇಲೆ ಇವತ್ತಿನವರೆಗೆ ಅವಳ ಕೋಣೆಯಿಂದ ಒಂದು ಪೆಟ್ಟಿಗೆಯೂ ವಾಪಸ್ ಹೋಗಿರಲಿಲ್ಲ. ಅದು ತನ್ನ ಅದೃಷ್ಟ ಎಂದುಕೊಂಡಿದ್ದಳು.

ಎಷ್ಟು ಊದಬೇಕು, ಹೇಗೆ ಊದಬೇಕು ಎಂದು ಲೆಕ್ಕ ಹಾಕಿಕೊಡುವ ಪ್ಲಾನ್ ಮೇಡಂ ಸೀನುತ್ತಲೇ ಒಳಗೆ ಬಂದಳು. ಪ್ಲಾಸ್ಟಿಕ್ಕಿನ ಧೂಳು ಅವಳಿಗೆ ಆಗುತ್ತಿರಲಿಲ್ಲ. ದೊಡ್ಡ ಕನ್ನಡಕ, ಕೈಯಲ್ಲಿ ಪುಟ್ಟದೊಂದು ಬಟ್ಟೆಯ ಚೀಲ. ಹಿಂದೆ ಮೇಸ್ತ್ರಿ, ಯಾವುದಕ್ಕೂ ಸಾಕ್ಷಿಯಾಗಿ ನಿಲ್ಲುವವನ ಹಾಗೆ ಕೈಕಟ್ಟಿಕೊಂಡು.

"ಐವತ್ತು ಊದೋದು ಬೇಡ," ಎಂದಳು ಮೇಡಂ. "ಸೀಟಿನೂ ದಂಡ, ಉಸಿರೂ ದಂಡ. ಮೊದಲ ಸುತ್ತಿನಲ್ಲಿ ಇಪ್ಪತ್ತು ಊದಿ. ಒಂದೂ ಕೆಟ್ಟದ್ದು ಸಿಗಲಿಲ್ವಾ, ಪಾಸು. ಎರಡು ಸಿಕ್ತಾ, ವಾಪಸ್. ಎರಡನೇದು ಸಿಕ್ಕ ಕೂಡಲೇ ನಿಲ್ಲಿಸಿಬಿಡಿ, ಮಿಕ್ಕಿದ್ದು ಊದಿ ಎಂಜಲು ಮಾಡೋದ್ಯಾಕೆ? ಒಂದೇ ಒಂದು ಸಿಕ್ಕಿದ್ರೆ ಮಾತ್ರ ಇನ್ನೊಂದು ಸುತ್ತು, ಮತ್ತೆ ಇಪ್ಪತ್ತು. ಅದ್ರಲ್ಲಿ ಎಲ್ಲಾ ಸರಿಯಿದ್ರೆ ಪಾಸು, ಇನ್ನೊಂದು ಕೆಟ್ಟದ್ದು ಸಿಕ್ರೆ ವಾಪಸ್."

"ಇಪ್ಪತ್ತು ನೋಡಿ ಐನೂರು ಹೇಗಿದೆ ಅಂತ ಹೇಳೋಕಾಗುತ್ತಾ ಮೇಡಂ?" ಮೇಸ್ತ್ರಿ ಕೇಳಿದ. "ಎಲ್ಲಾ ಊದಿಬಿಟ್ರೆ ಗ್ಯಾರಂಟಿ."

"ಊದಿಸಿ. ಆಮೇಲೆ ಐನೂರು ಎಂಜಲು ಸೀಟಿ ನೀವೇ ಕೊಂಡ್ಕೊಳ್ಳಿ."

ಪಿಸುವಿಗೆ ನಗು ಉಕ್ಕಿತು, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡವಳಂತೆ ಮುಖ ಮುಚ್ಚಿಕೊಂಡಳು. ಅವಳ ಮನಸ್ಸಿನಲ್ಲೂ ಒಂದು ಪ್ರಶ್ನೆ ಇತ್ತು. ಅದು ಗಂಟಲಿಗೆ ಬಂದು, ಇಳಿದು, ಮತ್ತೆ ಬಂತು. "ಒಳ್ಳೇ ಪೆಟ್ಟಿಗೇಲಿ... ಇರೋ ಎರಡೇ ಎರಡು ಕೆಟ್ಟದ್ದೇ ಕೈಗೆ ಸಿಕ್ಕಿಬಿಟ್ರೆ?"

ಮೇಡಂ ಕನ್ನಡಕ ಮೇಲಕ್ಕೆ ಸರಿಸಿ ಅವಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ಸಿಗಬಹುದು. ಒಳ್ಳೇದು ವಾಪಸ್ ಹೋಗುತ್ತೆ, ಕೆಟ್ಟದ್ದು ದಾಟಿ ಹೋಗುತ್ತೆ. ಎರಡೂ ತಪ್ಪು ಆಗೇ ಆಗುತ್ತೆ. ಎಷ್ಟು ತಪ್ಪಾದ್ರೆ ತಡ್ಕೋಬಹುದು ಅಂತ ಮೊದಲೇ ಕೂತು ಒಪ್ಕೋಬೇಕು. ಪ್ಲಾನ್ ಅಂದ್ರೆ ಅಷ್ಟೇ."

ತಪ್ಪನ್ನು ಮೊದಲೇ ಕೂತು ಒಪ್ಪಿಕೊಳ್ಳಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಒಮ್ಮೆ ಶಾಲೆಗೆ ಇನ್ಸ್‌ಪೆಕ್ಟರ್ ಬಂದಿದ್ದರು. ಕಪ್ಪು ಬೂಟು, ಬಗಲಲ್ಲಿ ಚೀಲ. ತರಗತಿಯ ಮೇಲೆ ಕಣ್ಣಾಡಿಸಿ, ಗೋಡೆಗೆ ಅಂಟಿಕೊಂಡು ಕೂತಿದ್ದ ಇವಳತ್ತ ಬೆರಳು ಮಾಡಿ, ಎದ್ದೇಳು, ಸೂರ್ಯ ಮುಳುಗುವ ದಿಕ್ಕು ಯಾವುದು ಎಂದರು. ಅವಳಿಗೆ ಗೊತ್ತಿತ್ತು. ಕಿಟಕಿ ಇದ್ದದ್ದೇ ಆ ಕಡೆಗೆ, ದಿನಾ ಸಂಜೆ ಅವಳ ಪಾಟಿಯ ಮೇಲೆ ಬೀಳುತ್ತಿದ್ದದ್ದೂ ಅದೇ ಬಿಸಿಲು. ನಾಲಗೆ ಏಳಲಿಲ್ಲ. ಇನ್ಸ್‌ಪೆಕ್ಟರ್ ಇನ್ನೊಬ್ಬರನ್ನು ಕೇಳಲಿಲ್ಲ. ತರಗತಿ ಮಂದವಾಗಿದೆ ಎಂದು ಹೇಳಿ ಹೊರಟು ಹೋದರು. ಇಡೀ ತರಗತಿಯ ಮಾನ ಕಳೆದೆ ಎಂದು ಮೇಷ್ಟ್ರು ಬೈದರು, ಮಕ್ಕಳು ವಾರಗಟ್ಟಲೆ ಅವಳನ್ನು ಕಂಡರೆ ಪಶ್ಚಿಮ ಪಶ್ಚಿಮ ಎಂದು ಕೂಗಿದರು. ಶಾಲೆ ಬಿಡಲು ಅದೊಂದೇ ಕಾರಣವಲ್ಲ, ಆದರೆ ಬಿಡುವ ದಿನ ಬಂದಾಗ ಅವಳು ಅಳಲೂ ಇಲ್ಲ. ಈಗ ಸೋಪಿನ ವಾಸನೆಯ ಈ ಕೋಣೆಯಲ್ಲಿ ನಿಂತು ಅವಳಿಗೆ ಅರ್ಥವಾಯಿತು: ಆ ಮನುಷ್ಯ ಒಂದೇ ಒಂದು ಸೀಟಿ ಊದಿ ಪೆಟ್ಟಿಗೆಯನ್ನೇ ವಾಪಸ್ ಮಾಡಿದ್ದ. ಎರಡನೇ ಸುತ್ತು ಊದಲೇ ಇಲ್ಲ. ಎಂಥ ದಡ್ಡ ಪ್ಲಾನು ಅದು. ಇಷ್ಟು ವರ್ಷ ನನ್ನನ್ನು ನಾನೇ ದಡ್ಡಿ ಎಂದುಕೊಂಡಿದ್ದೆನಲ್ಲ ಎಂದು ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅಲ್ಲೇ ಒಂದು ಸೀಟಿ ಎತ್ತಿ ಊದಬೇಕೆನ್ನಿಸಿತು.

"ಇನ್ನೊಂದು ಮಾತು," ಎಂದಳು ಮೇಡಂ. "ಯಾವುದನ್ನ ಎತ್ತಬೇಕು ಅಂತ ಕೈ ನಿರ್ಧಾರ ಮಾಡಬಾರದು. ಕೈಗೆ ಅದರದ್ದೇ ಚಾಳಿ ಇರುತ್ತೆ. ಈ ಚೀಲದಲ್ಲಿ ಒಂದರಿಂದ ಹತ್ತರವರೆಗೆ ಬಿಲ್ಲೆ ಇದೆ. ಒಂದು ತೆಗೀರಿ, ಅದು ಸಾಲು. ಹಾಕಿ ಕುಲುಕಿ ಇನ್ನೊಂದು ತೆಗೀರಿ, ಅದು ಮನೆ. ತಟ್ಟೆಗೆ ನಾಲ್ಕು. ಬಂದಿದ್ದನ್ನ ಊದಬೇಕು, ಬದಲಾಯಿಸೋ ಹಾಗಿಲ್ಲ. ಜೋಡಿಸೋರೂ ಅಷ್ಟೇ, ಆರಿಸಿ ಜೋಡಿಸಬಾರದು."

"ಆರಿಸಿ ಜೋಡಿಸಿದ್ದು ನನ್ನ ಕಣ್ಣಿಗೆ ಬೀಳಲಿ, ಅವನನ್ನ ಪ್ಯಾಕಿಂಗಿಂದ ಎತ್ತಿ ಗೇಟಿನ ಆಚೆ ಇಡ್ತೀನಿ," ಎಂದ ಮೇಸ್ತ್ರಿ. ಮಾವ ತಳ್ಳುಗಾಡಿಯ ಚಕ್ರ ನೋಡುತ್ತಿದ್ದ. ಅದಕ್ಕೆ ಎಣ್ಣೆ ಬೇಕಾಗಿತ್ತು, ನಿಜ. ಆದರೆ ಅಷ್ಟು ಹೊತ್ತು ನೋಡುವಂಥದ್ದೇನಿತ್ತು?

ಮೇಡಂ ಮೂಲೆಯ ಸ್ಟೂಲಿನ ಮೇಲೆ ಕೂತು ಕರವಸ್ತ್ರದಲ್ಲಿ ಮೂಗು ಹುದುಗಿಸಿದಳು. ಮೇಸ್ತ್ರಿ ಹೊರಗೆ ಹೋಗಿ ಹತ್ತಿ ತುರುಕಿಕೊಂಡ. ಮಾವ ಮಾತ್ರ ಎಂದೂ ಹತ್ತಿ ಇಟ್ಟುಕೊಂಡವನಲ್ಲ. "ನಮ್ಮ ಹುಡುಗಿ ಊದೋದು, ಕೇಳಬೇಕಪ್ಪಾ," ಎನ್ನುತ್ತಿದ್ದ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಮೊದಲ ತಟ್ಟೆ. ನಾಲ್ಕನೇ ಸಾಲು, ಆರನೇ ಮನೆ. ಅವಳು ಕೈ ಚಾಚಿದಳು, ಕೈ ಹಿಂಜರಿಯಿತು. ತಟ್ಟೆಯ ನಡುವಿಗೆ ಅವಳ ಕೈ ಹೋದದ್ದೇ ಇಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅಂಚಿನದನ್ನು ಎತ್ತುತ್ತಿದ್ದಳು, ಮೂಲೆಯದನ್ನು ಎತ್ತುತ್ತಿದ್ದಳು. ಬಸ್ಸಿನಲ್ಲಿ ಕೂತರೆ ಕಿಟಕಿಯ ಕಡೆಗೆ, ಊಟಕ್ಕೆ ಕೂತರೆ ಬೆಂಚಿನ ತುದಿಗೆ, ಫೋಟೋ ತೆಗೆಯುವಾಗ ಎಲ್ಲರ ಪಕ್ಕಕ್ಕೆ, ಅರ್ಧ ತೋಳು ಹೊರಗೆ. ಒಪ್ಪವಾಗಿ ಕೂತವರ ನಡುವೆ ಕೈ ಹಾಕಿ ಒಬ್ಬರನ್ನು ಎಬ್ಬಿಸುವುದೆಂದರೆ ಅವಳಿಗೆ ಸಂಕೋಚ, ಅವರು ಸೀಟಿಗಳಾದರೂ ಸರಿ. ಕೈಗೆ ಅದರದ್ದೇ ಚಾಳಿ. ಅವಳು ನಡುವಿನದನ್ನು ಎತ್ತಿ ಊದಿದಳು. ಗೋಡೆಗೆ ಹೋಗಿ ತಿರುಗಿ ಬಂತು. ಮಿಕ್ಕ ಮೂರೂ ಬಂದವು. ಎರಡನೇ ತಟ್ಟೆಯೂ ದಾಟಿತು. ಮೂರನೇ ತಟ್ಟೆಯಲ್ಲಿ ಐದನೇ ಸಾಲು, ಐದನೇ ಮನೆ. ನಡುವಿನ ನಡು. ಪುಸ್.

ಸೀಟಿಗೆ ದಾರ ಕಟ್ಟುವ ಬಳೆಯ ಒಳಗೆ, ಅದು ಅಚ್ಚಿನ ಯಾವ ಗುಳಿಯಿಂದ ಬಂತು ಎಂದು ತೋರಿಸುವ ಪುಟ್ಟ ಅಂಕಿ ಇರುತ್ತದೆ. ಅಚ್ಚಿನಲ್ಲಿ ಎಂಟು ಗುಳಿ. ಇದರಲ್ಲಿ ಮೂರು ಎಂದಿತ್ತು. ಅವಳು ಅದರ ಪಕ್ಕದ ಮನೆಯ ಸೀಟಿಯನ್ನು ಊದದೆ ಬರೀ ತಿರುಗಿಸಿ ನೋಡಿದಳು. ಮೂರು. ಅದರ ಪಕ್ಕದ್ದು, ಮೂರು. ಅದರ ಕೆಳಗಿನದು, ಮೂರು. ತಟ್ಟೆಯ ನಡುವೆ ಮೂರುಗಳದ್ದೇ ಒಂದು ಕೇರಿ. ಅಂಚಿನಲ್ಲಿ ಒಂದೂ ಇಲ್ಲ. ಯಂತ್ರದಿಂದ ಕಲಸುಮೇಲೋಗರವಾಗಿ ಬೀಳುವ ಸೀಟಿಗಳು ಹೀಗೆ ತಾವಾಗಿಯೇ ಗುಂಪು ಕಟ್ಟಿಕೊಂಡು ಕೂರುವುದಿಲ್ಲ. ಯಾರೋ ಕೂರಿಸಬೇಕು. ಅವಳ ಕೈ ಎಲ್ಲಿಗೆ ಹೋಗುತ್ತದೆ, ಎಲ್ಲಿಗೆ ಹೋಗುವುದಿಲ್ಲ ಎಂದು ದಿನಗಟ್ಟಲೆ ನೋಡಿದವನು ಕೂರಿಸಬೇಕು.

ಮನೆಯಲ್ಲಿ ಹಣ್ಣು ಹೆಚ್ಚಿದರೆ ತಟ್ಟೆಯನ್ನು ಅವಳ ಮುಂದಿಡುವ ಮೊದಲು ಮಾವ ಅದನ್ನು ಸ್ವಲ್ಪ ತಿರುಗಿಸುತ್ತಿದ್ದ. ಚಿಕ್ಕವಳಿದ್ದಾಗ ಅದೊಂದು ಆಟ ಎಂದುಕೊಂಡಿದ್ದಳು. ದೊಡ್ಡವಳಾದ ಮೇಲೆ ಕಂಡಿತ್ತು: ಕಪ್ಪಾದ ಹೋಳುಗಳು ಯಾವಾಗಲೂ ಅವನ ಕಡೆಗೆ. "ನಿಂಗೆ ಯಾವಾಗ್ಲೂ ಒಳ್ಳೇದೇ ಸಿಗುತ್ತೆ ನೋಡು, ಕೈಗುಣ," ಎನ್ನುತ್ತಿದ್ದ, ಅಮ್ಮ ಆಚೆ ತಿರುಗಿ ನಗುತ್ತಿದ್ದಳು. ಕೈಗುಣ. ಇಷ್ಟು ದಿನ ಅಂಟಿಸಿದ ಹಸಿರು ಚೀಟಿಯೆಲ್ಲ ತಿರುಗಿಸಿಟ್ಟ ತಟ್ಟೆ. ನಾಚಿಕೆಗೆ ಅವಳ ಕಿವಿ ಬಿಸಿಯಾಯಿತು. ಮೂರನೇ ಗುಳಿ ಸವೆದಿದೆ, ಅಚ್ಚು ಬಿಚ್ಚಿಸಬೇಕು ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕಿಂತ, ಮೂರುಗಳನ್ನು ಆರಿಸಿ ನಡುವಿಗೆ ಸರಿಸುವುದೇ ಅವನಿಗೂ ಸುಲಭವಾಗಿ ಕಂಡಿರಬೇಕು. ಅವನೂ ಅದೇ ಮನೆಯವನಲ್ಲವೇ, ಅವನ ನಾಲಗೆಯೂ ಅಷ್ಟಕ್ಕಷ್ಟೇ. ಮೈದಾನದಲ್ಲಿ ಕೆನ್ನೆ ಉಬ್ಬಿಸಿ ನಿಂತ ಆ ಅಪರಿಚಿತ ತೀರ್ಪುಗಾರ, ಅವನ ಮುಂದೆ ಓಡಿ ಹೋದ ಆಟಗಾರರು. ಪಾಪ, ಅವನೂ ಬಾಯಿ ತೆರೆದು ಮಾತು ಬಾರದೆ ನಿಂತವನೇ. ಅವನಿಗೆ ಯಾರೂ ತಟ್ಟೆ ತಿರುಗಿಸಿಟ್ಟಿರಲಿಲ್ಲ.

ನಾಲ್ಕನೇ ತಟ್ಟೆ, ಐದನೇ ತಟ್ಟೆ ಸರಿಹೋದವು. ಇಪ್ಪತ್ತರಲ್ಲಿ ಒಂದು.

"ಒಂದೇನಾ?" ಸ್ಟೂಲಿನಿಂದ ಮೇಡಂ ಕೇಳಿದಳು. ಅವಳು ತಲೆಯಾಡಿಸಿದಳು. "ಒಳ್ಳೇದು. ಎರಡನೇ ಸುತ್ತು," ಎಂದು ಮೇಡಂ ಇನ್ನೊಂದು ಸೀನಿಗೆ ಸಿದ್ಧಳಾದಳು.

ಎರಡನೇ ಸುತ್ತಿನ ಎರಡನೇ ತಟ್ಟೆಯಲ್ಲಿ ಬಿಲ್ಲೆ ಆರು ಎಂದಿತು, ಇನ್ನೊಂದು ಬಿಲ್ಲೆ ಐದು ಎಂದಿತು. ಮತ್ತೆ ಆ ಕೇರಿ. ಅವಳು ಬಾಗಿಲತ್ತ ನೋಡಿದಳು. ಮಾವ ಮುಖವನ್ನು ಒಂದಿಷ್ಟೂ ಅಲುಗಿಸದೆ ಬರೀ ಗದ್ದದಿಂದ ಹೇಳಿದ: ಹಾಕಿಬಿಡು, ಇನ್ನೊಂದು ತೆಗಿ. ಮನೆಯಲ್ಲಿ ಅಮ್ಮನ ಕಣ್ಣು ತಪ್ಪಿಸಿ ಇಸ್ಪೀಟಿನಲ್ಲಿ ಅವಳನ್ನು ಗೆಲ್ಲಿಸುವಾಗ ಮಾಡುತ್ತಿದ್ದ ಗದ್ದ. ಮೇಡಂಳ ಮುಖ ಕರವಸ್ತ್ರದಲ್ಲಿ ಹೂತಿತ್ತು. ಬಿಲ್ಲೆ ಅವಳ ಅಂಗೈಯಲ್ಲಿ ಬೆವರಿಗೆ ಅಂಟಿಕೊಂಡಿತ್ತು. ಚೀಲಕ್ಕೆ ಹಾಕಿ ಕುಲುಕಿದರೆ ಯಾರಿಗೆ ಗೊತ್ತು? ಪೆಟ್ಟಿಗೆ ಪಾಸು, ಮಾವ ಗೇಟಿನ ಈಚೆ, ಅವಳ ಬಾಯಿ ಮುಚ್ಚಿದ ಹಾಗೇ. ಹಾಕದಿದ್ದರೆ ಉದ್ದ ಮೇಜಿನ ಮೇಲೆ ತಟ್ಟೆ ಬಿಚ್ಚಿಕೊಳ್ಳುತ್ತದೆ, ಮೂರುಗಳ ಕೇರಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಕೂರಿಸಿದ ಕೈ ಯಾರದೆಂದು ಕೇಳುವ ಅಗತ್ಯವೂ ಇರುವುದಿಲ್ಲ.

ಎಷ್ಟು ತಪ್ಪಾದರೆ ತಡೆದುಕೊಳ್ಳಬಹುದು ಎಂದು ಮೊದಲೇ ಕೂತು ಒಪ್ಪಿಕೊಳ್ಳಬೇಕು. ಕೂರಲು ಹೊತ್ತಿರಲಿಲ್ಲ, ಅವಳು ನಿಂತೇ ಲೆಕ್ಕ ಹಾಕಿದಳು. ಈ ತಪ್ಪಿನಲ್ಲಿ ಮಾವನದು ಅರ್ಧ. ಅಂಚು ಬಿಟ್ಟು ಒಳಗೆ ಹೋಗದ ತನ್ನ ಕೈಯದು ಇನ್ನರ್ಧ. ಆ ಕೈ ಇಲ್ಲದಿದ್ದರೆ ಅವನು ಜೋಡಿಸಿಯೂ ಏನೂ ಆಗುತ್ತಿರಲಿಲ್ಲ. ಒಬ್ಬನೇ ಹೊರುವ ಭಾರವಲ್ಲ ಅದು, ಇಬ್ಬರು ಹಿಡಿದರೆ ಅಷ್ಟೇನೂ ಇಲ್ಲ. ಹೀಗೆಂದುಕೊಂಡ ಕೂಡಲೇ ಎದೆಯೊಳಗೆ ಸಿಕ್ಕಿಕೊಂಡಿದ್ದ ಗುಂಡೊಂದು ಬಿಡಿಸಿಕೊಂಡು ಉರುಳಿದಂತಾಯಿತು. ಅವಳು ಆರನೇ ಸಾಲು, ಐದನೇ ಮನೆಯ ಸೀಟಿಯನ್ನು ಎತ್ತಿ, ಕೆನ್ನೆ ತುಂಬ ಉಸಿರು ತೆಗೆದುಕೊಂಡು ಊದಿದಳು.

ಪುಸ್.

ಎರಡು. ಇನ್ನು ಊದುವ ಹಾಗಿಲ್ಲ. ಅವಳು ಸೀಟಿಯನ್ನು ಮೇಜಿನ ಮೇಲಿಟ್ಟಳು, ಈ ಸಲ ಅದನ್ನು ಜೊತೆಗೆ ಒಯ್ಯಲಿಲ್ಲ. ಬಾಗಿಲಿಗೆ ಬಂದಳು. ಮಾವ ಪಕ್ಕಕ್ಕೆ ಸರಿದ. ಹೊರಗೆ ಅಚ್ಚಿನವನು, ಚೀಟಿಯವರು, ಲೋಡಿಂಗಿನವರು, ಮೇಸ್ತ್ರಿ.

"ವಾಪಸ್," ಎಂದಳು. ಯಾರೂ ತಿರುಗಲಿಲ್ಲ. ಎಲ್ಲರ ಕಿವಿಯಲ್ಲೂ ಹತ್ತಿ. ಅವಳಿಗೆ ನಗು ಬಂತು, ನಗು ಉಸಿರನ್ನು ಕೆಳಗಿನಿಂದ ತಳ್ಳಿತು, ಆ ಉಸಿರಿನ ಮೇಲೇ ಅವಳು ಮತ್ತೆ ಹೇಳಿದಳು. "ವಾಪಸ್!"

ಅದು ಎದುರಿನ ಗೋಡೆಗೆ ಹೋಗಿ ತಿರುಗಿ ಬಂತು. ಅಚ್ಚಿನವನು ಮೊದಲು ನೋಡಿದ. ಪಕ್ಕದವನ ತೋಳು ತಟ್ಟಿದ. ಒಬ್ಬೊಬ್ಬರಾಗಿ ಕಿವಿಗೆ ಕೈ ಹಾಕಿ ಹತ್ತಿ ಎಳೆದರು. ಯಾರೋ ಒಂದು ಯಂತ್ರ ನಿಲ್ಲಿಸಿದರು, ಇನ್ನೊಂದು ತಾನಾಗಿ ನಿಂತಿತು. ಹಿಂದೆ ಮೇಡಂಳ ಸೀನು ಅರ್ಧಕ್ಕೇ ನಿಂತಿತು. ಬಾಗಿಲ ಬಳಿ ಮಾವ ತನ್ನ ಎರಡೂ ಕೈಗಳನ್ನು ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದ. ಅವಳು ಒಳಗೆ ಹೋಗಿ ತಟ್ಟೆಗಳನ್ನು ಮತ್ತೆ ಪೆಟ್ಟಿಗೆಯೊಳಗೆ ಜೋಡಿಸಿ, ಒಂದು ಬದಿಯ ಹಿಡಿ ಹಿಡಿದು ಆ ಬದಿಯನ್ನಷ್ಟೇ ಮೇಲೆತ್ತಿದಳು. ಪೆಟ್ಟಿಗೆ ಇನ್ನೊಂದು ಬದಿಗೆ ವಾಲಿ ನಿಂತಿತು, ಒಳಗೆ ನೂರಾರು ಗುಂಡುಗಳು ಒಂದೇ ಸಲ ಉರುಳಿದವು.

"ಮಾವಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅಂಚಿನದನ್ನೇ ಎತ್ತುತ್ತಾ ಇದ್ದವಳು ನಾನು. ಉದ್ದ ಮೇಜಿಗೆ ಇಬ್ಬರೂ ತಗೊಂಡು ಹೋಗೋಣ. ಆ ಕಡೆ ಒಂದು ಕೈ ಹಿಡಿ."